ಸೆಲೆನಿಯಂ ಗುಳಿಗೆ

ಅಂಬುಬಾಯಿ ಕೊಟ್ಟ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡೇ ಮಾಸ್ತರರು ಸೀಸೆಯ ಮೇಲಿನ ಚೀಟಿ ಓದಿದರು. "ಸೆಲೆನಿಯಂ. ಗಂಧಕದ ಜಾತಿ. ಮಣ್ಣಿನಿಂದ ಜ್ವಾಳಕ್ಕ ಬರ್ತದ, ಜ್ವಾಳದಿಂದ ನಮಗ. ಇದು ಯಾರ ಗುಳಿಗಿ, ಬಾಯಾರ?"

ಎಂಬತ್ತೆರಡನೇ ಇಸವಿಯಲ್ಲಿ ನಿವೃತ್ತರಾಗುವತನಕ ಬೆಟಗೇರಿಯಲ್ಲಿ ರಸಾಯನಶಾಸ್ತ್ರ ಕಲಿಸಿದವರಿಗೆ ಈಗ ಎದುರು ಕೂತ ಹೆಂಡತಿಯ ಗುರುತಿಲ್ಲ. ಮಿದುಳು ಸೊರಗಿದೆ, ಇದರಿಂದ ಗುಣವಾದೀತೆಂಬ ಖಾತ್ರಿಯಿಲ್ಲ, ಕೊಟ್ಟು ನೋಡಿ ಎಂದಿದ್ದರು ಡಾಕ್ಟರು.

"ನಿಮ್ದರೀ," ಎಂದರು ಅಂಬುಬಾಯಿ.

"ನನಗೇನಾಗೇದ? ಇನ್ನೊಬ್ಬರ ಔಷಧ ನಾ ನುಂಗಂಗಿಲ್ಲ. ಅವರ ಹೆಸರು ಹೇಳ್ರಿ."

ಮದುವೆಮನೆಗಳಲ್ಲಿ ಒಡಪು ಕಟ್ಟಿ, ಪ್ರಾಸದ ಪದದೊಳಗೆ ಸೇರಿಸಿ ಹೇಳಿದ್ದು ಬಿಟ್ಟರೆ ಅಂಬುಬಾಯಿ ಗಂಡನ ಹೆಸರನ್ನು ಎಂದೂ ನಾಲಿಗೆಯ ಮೇಲೆ ತಂದವರಲ್ಲ. ಎದ್ದು ಹೋಗಿ ಬೀದಿಬಾಗಿಲು ಮುಂದೆ ಮಾಡಿ ಬಂದರು. ಸೆರಗು ಸರಿಮಾಡಿಕೊಂಡು, ಮೆಲ್ಲಗೆ, "ಪ್ರಹ್ಲಾದ," ಎಂದರು.

ಮಾಸ್ತರರು ಬೆನ್ನು ನೆಟ್ಟಗೆ ಮಾಡಿದರು. ಹಾಜರಿ ಕೂಗುವ ಹಳೆಯ ದನಿಯಲ್ಲಿ, ಹಿಂದಿನ ಬೆಂಚಿಗೂ ಕೇಳುವಂತೆ ಕರೆದರು: "ಪ್ರಹ್ಲಾದ!"

ಕಾದರು. ಯಾರೂ ಓಗೊಡಲಿಲ್ಲ.

"ಬಂದಿಲ್ಲ ಅಂವ," ಎಂದು ಗುಳಿಗೆಯನ್ನು ಅಂಬುಬಾಯಿಯ ಕೈಗೆ ಮರಳಿಸಿದರು. "ಬಂದ ಮ್ಯಾಲೆ ಕೊಡ್ರಿ."