ಪ್ಯಾರಾಚೂಟಿನ ಸಿನಿಮಾ ಮತ್ತು ಲವಂಗ

ಪಲಾವಿಗೆ ಲವಂಗ ಹಾಕುವಾಗೆಲ್ಲ ನನಗೆ ಈಗಲೂ ಪದ್ಮಾಳ ಮೇಲೆ ಸಿಟ್ಟು ಬರುತ್ತದೆ.

ವಿಶಾಖಪಟ್ಟಣದಲ್ಲಿ ಅಪ್ಪನ ಕಾರ್ಖಾನೆಯ ಕ್ಲಬ್ಬಿನಲ್ಲಿ, ನಾನು ಚಿಕ್ಕವಳಿದ್ದಾಗ ಒಂದು ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಕಂಬಳಿ ಕಟ್ಟಿ, ಪ್ಯಾರಾಚೂಟ್ ಸೈನಿಕರ ಹಳೆಯ ಇಂಗ್ಲಿಷ್ ಸಿನಿಮಾ ತೋರಿಸಿದರು. ಪಕ್ಕದ ಕ್ವಾರ್ಟರ್ಸಿನ ಪದ್ಮಾಳನ್ನೂ ಅಪ್ಪ ಕರೆದುಕೊಂಡು ಬಂದಿದ್ದರು. ಅವಳ ತಂದೆ ತೀರಿಕೊಂಡು ಒಂದು ತಿಂಗಳಾಗಿತ್ತು. ಅವಳ ಮನೆಯವರು ಕ್ವಾರ್ಟರ್ಸ್ ಖಾಲಿ ಮಾಡಿ ವಿಜಯವಾಡದ ಅಜ್ಜಿಯ ಮನೆಗೆ ಹೊರಡುವವರಿದ್ದರು.

ಅಪ್ಪ ನಮ್ಮಿಬ್ಬರ ನಡುವೆ ಕೂತರು.

"ನಿಂಗೆ ಇಂಗ್ಲಿಷ್ ಅರ್ಥ ಆಗುತ್ತಲ್ವೇನೇ?"

ಕಾನ್ವೆಂಟಿನ ಜಂಬದಲ್ಲಿ "ಹೂಂ" ಎಂದುಬಿಟ್ಟೆ. ಅಷ್ಟೇ, ಅವರ ಬೆನ್ನು ನನ್ನ ಕಡೆಗಾಯಿತು. ಸದಾ ಲವಂಗ ಅಗಿಯುವ ಆ ಬಾಯಿ ಸಿನಿಮಾ ಮುಗಿಯುವವರೆಗೂ ಪದ್ಮಾಳ ಕಿವಿಯ ಹತ್ತಿರವೇ ಇತ್ತು, ತೆಲುಗಿನಲ್ಲಿ ಕಥೆ ಬಿಡಿಸಿ ಹೇಳುತ್ತ.

"ಚೂಡು ತಲ್ಲೀ, ಇಪ್ಪುಡು ದೂಕುತಾರು."

ನೋಡು ತಾಯೀ, ಈಗ ಹಾರ್ತಾರೆ. ಗುಂಡಿನ ಸದ್ದಿನ ನಡುವೆ ನನಗೆ ಅಷ್ಟೇ ಕೇಳಿಸಿದ್ದು. ನನ್ನನ್ನು ಅವರು ಒಂದು ದಿನವೂ ತಾಯೀ ಎಂದವರಲ್ಲ. ತೊಡೆಗೆ ಅಂಟುತ್ತಿದ್ದ ರೆಕ್ಸಿನ್ ಕುರ್ಚಿಯಲ್ಲಿ ಕೂತು, ಆಕಾಶದ ತುಂಬ ಬಿಚ್ಚಿಕೊಳ್ಳುತ್ತಿದ್ದ ಪ್ಯಾರಾಚೂಟುಗಳನ್ನು ನೋಡಿದೆ. ಇಳಿಯುತ್ತಿದ್ದವರು ಒಳ್ಳೆಯವರೋ ಕೆಟ್ಟವರೋ, ಅದೂ ತಿಳಿಯಲಿಲ್ಲ.

"ಚೆನ್ನಾಗಿತ್ತಾ?" ಎಂದರು ಅಪ್ಪ ಹೊರಗೆ ಬಂದಮೇಲೆ.

"ಎಲ್ಲಾ ಅರ್ಥ ಆಯ್ತು," ಎಂದೆ.

ಅವರು ಮುಂದೆ ಹೋದ ಮೇಲೆ ತಡೆಯಲಾಗದೆ ಪದ್ಮಾಳನ್ನೇ ಕೇಳಿದೆ, ಕೊನೆಗೆ ಯಾರು ಗೆದ್ದರು ಅಂತ. ಅವಳು ಅಪ್ಪನ ಹಾಗೆಯೇ ಬಗ್ಗಿ, ನನ್ನ ಕಿವಿಯ ಹತ್ತಿರ ಬಾಯಿ ತಂದಳು.

ಅವಳ ಬಾಯಿಂದಲೂ ಲವಂಗದ ವಾಸನೆ ಬಂತು.