ಜಾರಿದ ಹೊಲ

ಮೊದಲೆಲ್ಲ ವಾರಗಟ್ಟಲೆ ಜಿನುಗುತ್ತಿದ್ದ ಮಳೆ ಈ ಸಲ ಒಂದೇ ಉಸಿರಿಗೆ ಸುರಿಯಿತು. ಗುಡ್ಡದ ನೆತ್ತಿಯ ಇಳಿಜಾರಿನಲ್ಲಿದ್ದ ದ್ಯಾವಮ್ಮನ ರಾಗಿ ಹೊಲ ಇಡಿಯಾಗಿ ಜಾರಿ, ಕೆಳಗಿನ ಸಾಹುಕಾರರ ಕಾಫಿ ತೋಟದ ಮೇಲೆ ಕೂತಿತು. ಮೇಲೆ ಉಳಿದದ್ದು ಬರೀ ಬಂಡೆ. ಬಂಡೆಗೆ ಪರಿಹಾರವಿಲ್ಲ ಎಂದು ತಾಲ್ಲೂಕು ಕಚೇರಿಯವರು ಕೈತೊಳೆದುಕೊಂಡರು.

ಸಾಹುಕಾರರು ಅವಳನ್ನು ತೋಟಕ್ಕೇ ಕರೆಸಿದರು. ಆಳುಗಳೆಲ್ಲ ಸುತ್ತ ಕೆಲಸ ಮಾಡುತ್ತಿದ್ದರು.

"ನೋಡೇ, ನಿನ್ನ ಮಣ್ಣು ನನ್ನ ಗಿಡಗಳನ್ನೆಲ್ಲ ನುಂಗಿ ಕೂತಿದೆ. ಇಳಿಜಾರಲ್ಲಿ ಉಳಬೇಡಿ ಅಂದ್ರೆ ಕೇಳೋ ಜಾತಿಯಲ್ಲ ನಿಮ್ದು."

"ನಮ್ಮಜ್ಜಿನೂ ಅಲ್ಲೇ ಉತ್ತಿದ್ಳು. ಆಗ ಮಳೆಗೆ ನಿಧಾನ ಗೊತ್ತಿತ್ತು. ನೀವೂ ಹೋಂಸ್ಟೇ ರಸ್ತೆಗೆ ಅಂತ ಗುಡ್ಡದ ಬುಡ ಕಡಿದಿರಲಿಲ್ಲ."

"ಬಾಯಿ ಬಹಳ ಆಯ್ತು. ಬುಟ್ಟಿ ತಂದು ಎಲ್ಲಾ ಹೊತ್ಕೊಂಡು ಹೋಗು."

"ನಾಳೆ ನಿಮ್ಮ ತೋಟದ ಮಣ್ಣು ಕದ್ದೆ ಅಂತ ಪೊಲೀಸರನ್ನ ಕರೆಸಿದ್ರೆ?"

"ನಿನ್ನ ಕೊಚ್ಚೆ ನನಗ್ಯಾಕೆ?"

"ಹಂಗಾದ್ರೆ ಮಣ್ಣು ಮುಟ್ಟಿ ಹೇಳಿ."

ಆ ಸೀಮೆಯಲ್ಲಿ ಮಣ್ಣು ಮುಟ್ಟಿ ಆಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆಳುಗಳು ಕೆಲಸ ಬಿಟ್ಟು ನೋಡುತ್ತಿದ್ದರು. ಸಾಹುಕಾರರು ಸಿಟ್ಟಿನಲ್ಲಿ ಬಗ್ಗಿ ಒಂದು ಹಿಡಿ ಬಾಚಿ ಅವಳ ಕಾಲ ಬಳಿ ಎಸೆದರು.

"ತಗೋ, ಆಣೆ. ಇಲ್ಲಿ ಬಂದು ಬಿದ್ದಿರೋದೆಲ್ಲ ನಿಂದೇ. ಇದರಲ್ಲಿ ನನಗೆ ಚಿಟಿಕೆಯಷ್ಟೂ ಪಾಲಿಲ್ಲ."

ದ್ಯಾವಮ್ಮ ಮಡಿಲಿನಿಂದ ರಾಗಿ ಬೀಜದ ಗಂಟು ತೆಗೆದು ಬಿಚ್ಚಿದಳು.

"ಚಪ್ಪಲಿ ಕಳಚಿ ಆಚೆ ನಿಲ್ಲಿ ಸಾಹುಕಾರ್ರೆ, ನನ್ನ ಹೊಲ ಬಿತ್ತಬೇಕು."