ಎದ್ದು ಕಾಣುವ ಕಳೆ

ಟೀಚರ್ ಹೊಳೆದಡಕ್ಕೆ ಬಂದು ನೋಡಿದಾಗ ತಾವು ನೆಟ್ಟಿದ್ದ ಜೊಂಡು, ಲಾವಂಚ, ಲಕ್ಕಿ ಗಿಡಗಳೆಲ್ಲ ಬುಡಸಮೇತ ಕಸದ ಗಾಡಿಯಲ್ಲಿ ಬಿದ್ದಿದ್ದವು. ಬೋಳಾದ ದಡದ ಉದ್ದಕ್ಕೂ ಪ್ಲಾಸ್ಟಿಕ್ ಕುಂಡಗಳು, ಕುಂಡಗಳ ತುಂಬ ಪ್ಲಾಸ್ಟಿಕ್ ಹೂಗಳು. ಬೀದಿಗೆ ಬೀದಿಯೇ ಮಂಡಿಯವರೆಗೆ ಕೆಸರು ಮೆತ್ತಿಕೊಂಡು ಹಲ್ಲು ಕಿರಿಯುತ್ತ ನಿಂತಿತ್ತು. ನೆಡುವಾಗ ಸೊಂಟನೋವು, ನೆಗಡಿ, ನೆಂಟರು ಎಂದು ತಪ್ಪಿಸಿಕೊಂಡವರೆಲ್ಲ ಕೀಳುವುದಕ್ಕೆ ಮಾತ್ರ ತಪ್ಪದೆ ಬಂದಿದ್ದರು.

"ಹೇಗಿದೆ ಟೀಚರ್?" ಎಂದ ಟೇಲರ್. ದಡಕ್ಕೆ ಬೆನ್ನು ಹಾಕಿ ನಿಂತ ಅಂಗಡಿ ಅವನದು. ಟೀಚರ್ ನೆಟ್ಟ ದಿನದಿಂದ ಆ ಗಿಡಗಳನ್ನು ಕಳೆ ಎಂದೇ ಕರೆದು, ಸೊಳ್ಳೆಗೂ ಹಾವಿಗೂ ಕೊನೆಗೆ ಅಳಿಯನ ಕೆಮ್ಮಿಗೂ ಅವನ್ನೇ ಹೊಣೆ ಮಾಡಿದವನು.

"ಯಾರ್ರೀ ಹೇಳಿದ್ದು ಇದನ್ನ ಮಾಡೋಕೆ?"

"ನೀವೇ!" ಎಂದು ಟೇಲರ್ ಮೊಬೈಲು ಚಾಚಿದ. ಬೀದಿಯ ಗ್ರೂಪಿಗೆ ಟೀಚರ್ ಹಿಂದಿನ ಸಂಜೆ ಹಾಕಿದ ಮೆಸೇಜು ಅದು: 'ನಾಳೆ ನೀರಾವರಿ ಇಲಾಖೆಯ ಸಾಹೇಬರು ದಡ ನೋಡಲು ಬರುತ್ತಾರೆ. ಕಳೆ ಎದ್ದು ಕಾಣಬೇಕು. ಒಂದಿಷ್ಟೂ ಕಡಿಮೆಯಾಗಕೂಡದು.' ಇವರ ಬಾಯಲ್ಲಿ ಕಳೆಯಾದರೆ ಕಳೆಯೇ ಆಗಲಿ ಎಂದು ಚುಚ್ಚಲು ಹೋಗಿ ಬರೆದದ್ದು. ಚುಚ್ಚಿದ್ದು ಯಾರಿಗೂ ತಾಗಿರಲಿಲ್ಲ.

"ಮದುವೆಮನೆಗೆ ಬರುತ್ತಲ್ಲ, ಆ ಕಳೆ ಅಂದ್ಕೊಂಡ್ವಿ," ಎಂದಳು ಟೇಲರನ ಹೆಂಡತಿ. "ಅದಕ್ಕೇ ಈ ಕಳೆ ಕಿತ್ತು ಆ ಕಳೆ ತಂದ್ವಿ. ಶೋಕೇಸಿನ ಹೂವನ್ನೂ ಕೊಟ್ಟಿದೀನಿ, ನೋಡಿ."

ಟೀಚರಿಗೆ ಅಳು ಬಂತು. ಮಕ್ಕಳೆದುರು ಒಮ್ಮೆಯೂ ಅಳದಿದ್ದವರು ಟೇಲರನ ಎದುರು ಅತ್ತರು. "ಹೋದ ಮಳೆಗಾಲದಲ್ಲಿ ದಡ ಕುಸೀತಲ್ಲ, ಮರೆತ್ರಾ? ಬೇರು ಮಣ್ಣು ಹಿಡ್ಕೊಂಡಿದೆ ಅಂತ ಇವತ್ತು ಸಾಹೇಬರಿಗೆ ತೋರಿಸಬೇಕಿತ್ತು. ಇಲ್ಲಾಂದ್ರೆ ಉದ್ದಕ್ಕೂ ಕಾಂಕ್ರೀಟ್ ಗೋಡೆ ಕಟ್ತಾರಂತೆ."

"ಗೋಡೆನಾ? ಎಷ್ಟೆತ್ತರ?"

"ನಿಮ್ಮ ಹಿಂದಿನ ಕಿಟಕಿ ಮುಚ್ಚೋಷ್ಟು."

ಟೇಲರ್ ಸೂಜಿಗೆ ದಾರ ಪೋಣಿಸುವುದು ಆ ಕಿಟಕಿಯ ಬೆಳಕಿನಲ್ಲಿ. ಅವನ ಮುಖ ಸಪ್ಪಗಾಯಿತು. "ಇದನ್ನ ಮೊದಲೇ ಹೇಳೋದಲ್ವಾ?"

"ಒಂದು ವರ್ಷದಿಂದ ಹೇಳ್ತಾನೇ ಇದೀನಿ!"

"ಹೇಳಿದ್ರಿ ಟೀಚರ್, ಇಲ್ಲ ಅನ್ನಲ್ಲ. ಆದ್ರೆ ಪಾಠ ಹೇಳಿದ್ ಹಾಗೆ ಹೇಳಿದ್ರಿ. ಪಾಠ ಯಾರು ಕೇಳ್ತಾರೆ?"

ಅವನೇ ಮೊದಲು ಗಾಡಿ ಹತ್ತಿ ಗಿಡಗಳನ್ನು ಇಳಿಸತೊಡಗಿದ. ಬೇರುಗಳಲ್ಲಿ ಇನ್ನೂ ಹಸಿ ಮಣ್ಣಿತ್ತು, ಪುಣ್ಯ. ಬೀದಿಯವರು ಕುಂಡಗಳನ್ನು ಒದ್ದು ಪಕ್ಕಕ್ಕೆ ಸರಿಸಿ, ಕೈಗೆ ಸಿಕ್ಕ ಸೌಟು, ಸಲಾಕೆ, ತಟ್ಟೆ ಹಿಡಿದು ಕುಳಿ ತೋಡಲು ಕುಳಿತರು. ಟೀಚರ್ ಮೂಗು ಒರೆಸಿಕೊಳ್ಳುತ್ತ ಅತ್ತಿಂದಿತ್ತ ಓಡಾಡಿದರು. "ಬೇರು ಕೆಳಗಡೆ ಬರ್ಬೇಕು ಕಣ್ರೀ! ಜೊಂಡು ನೀರಿನ ಅಂಚಿಗೆ, ಲಕ್ಕಿ ಮೇಲ್ಗಡೆಗೆ!" ಟೇಲರ್ ಲಾವಂಚವನ್ನು ಹೊಲಿಗೆ ಹಾಕಿದ ಹಾಗೆ ಒತ್ತೊತ್ತಾಗಿ ನೆಡುತ್ತ ಬಂದ. ಹೆಂಡತಿ ವಕ್ರವಾಗಿದೆ ಎಂದಿದ್ದಕ್ಕೆ ಒಂದು ಸಾಲನ್ನು ಬಿಚ್ಚಿ ಮತ್ತೆ ನೆಟ್ಟ.

ಅರ್ಧ ದಡವೂ ಮುಗಿದಿರಲಿಲ್ಲ. ಇಸ್ತ್ರಿ ಮುರಿಯದ ಪ್ಯಾಂಟು, ಮಿರಿಮಿರಿ ಮಿಂಚುವ ಬೂಟು ತೊಟ್ಟ ಸಾಹೇಬರು ಇಳಿಜಾರಿನಲ್ಲಿ ಇಳಿದು ಬಂದು ಟೇಲರನ ಲಾವಂಚದ ಮೇಲೇ ಕಾಲಿಟ್ಟರು.

"ಏಯ್! ಕಾಲು ತೆಗೀರೀ!" ಟೇಲರ್ ತಲೆ ಎತ್ತದೆಯೇ ಗದರಿದ. "ಕಣ್ಣೇನು ನೆತ್ತಿ ಮೇಲಿದೆಯಾ? ಈಗ ತಾನೆ ನೆಟ್ಟಿದೀವಿ!"

ಟೀಚರ್ ಹಿಂದಿನಿಂದ ಅವನ ಅಂಗಿ ಜಗ್ಗಿದರು. ಟೇಲರ್ ತಲೆ ಎತ್ತಿದ, ಬಂದವರು ಯಾರೆಂದು ಕಂಡ, ಆದರೂ ಹುಬ್ಬಿನ ಗಂಟು ಸಡಿಲಿಸಲಿಲ್ಲ.

ಸಾಹೇಬರು ಬೂಟುಗಾಲನ್ನು ಮೇಲೆತ್ತಿದರು. ಸುತ್ತ ಎಲ್ಲಿ ನೋಡಿದರೂ ಗಿಡ. ಒಂಟಿಕಾಲಲ್ಲಿ ತೂಗಾಡುತ್ತ ಅವರು ಟೇಲರನನ್ನೇ ಕೇಳಿದರು:

"ಇದನ್ನ ಎಲ್ಲಿಡ್ಲಿ?"